ಜೋರಾಗಿ ಗಾಡಿ ಓಡಿಸಿದರೆ ಗೇಮ್ ಗಕ್ಕನೆ ನಿಲ್ಲುತ್ತದೆ, ಎಫ್‌ಪಿಎಸ್ ಮಾತ್ರ 90 ತೋರಿಸುತ್ತದೆ

ಬಿಸಿಲೂರು, ಕಲಬುರಗಿ
ಎಲ್ಲರಿಗೂ ನಮಸ್ಕಾರ್ರಿ. ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಜಿಟಿಎ 5 ಇರಲಿ, ದೊಡ್ಡ ಮ್ಯಾಪ್ ಇರುವ ಬೇರೆ ಯಾವ ಗೇಮ್ ಇರಲಿ, ಗಾಡಿ ಜೋರಾಗಿ ಓಡಿಸಿಕೊಂಡು ಹೊಸ ಏರಿಯಾಕ್ಕೆ ಹೋದ ಕೂಡಲೇ ಚಿತ್ರ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ. ಒಂದೇ ಕಡೆ ನಿಂತರೆ ಏನೂ ತೊಂದರೆ ಇಲ್ಲ. ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ ಅನ್ನುವ ಲೆಕ್ಕವಾದ ಎಫ್‌ಪಿಎಸ್ 90ರ ಹತ್ತಿರವೇ ಇರುತ್ತದೆ. ಪ್ರೊಸೆಸರ್ ರೈಜನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600, 16 ಜಿಬಿ ರ‍್ಯಾಮ್. ಡ್ರೈವರ್ ಪೂರ್ತಿ ತೆಗೆದು ಹಾಕಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಗೇಮ್ ಎಸ್‌ಎಸ್‌ಡಿಯಲ್ಲೇ ಇದೆ. ಇದೇ ಪಿಸಿಯಲ್ಲಿ ಚಳಿಗಾಲದಲ್ಲಿ ಎಲ್ಲಾ ಚೆನ್ನಾಗಿ ಓಡುತ್ತಿತ್ತು. ಏನೂ ಬದಲು ಮಾಡಿಲ್ಲ. ಯಾರಾದರೂ ದಾರಿ ತೋರಿಸಿ.

ತೊಗರಿಕಣಜ, ಕಲಬುರಗಿ
ಚಳಿಗಾಲದಲ್ಲಿ ಓಡುತ್ತಿತ್ತು ಅಂತ ನೀವೇ ಹೇಳಿದಿರಿ, ಉತ್ತರ ಅಲ್ಲೇ ಇದೆ. ಬಿಸಿ. ನಮ್ಮೂರಲ್ಲಿ ಈಗ ಹೊರಗೆ 42 ಡಿಗ್ರಿ, ರೂಮಿನಲ್ಲಿ 36ಕ್ಕಿಂತ ಕಮ್ಮಿ ಇರಲ್ಲ. ಪ್ರೊಸೆಸರ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೇ ಜರ್ಕ್. ಪ್ರೊಸೆಸರ್ ಮೇಲೆ ಬಿಸಿ ಸಾಗಿಸಲು ಹಚ್ಚುವ ಪೇಸ್ಟ್ ಬದಲಾಯಿಸಿ, ಕ್ಯಾಬಿನೆಟ್ ಬಾಗಿಲು ತೆಗೆದಿಡಿ.

ಬಿಸಿಲೂರು
ಪೇಸ್ಟ್ ಹಚ್ಚಿ ಒಂದು ತಿಂಗಳೂ ಆಗಿಲ್ಲ ಅಣ್ಣಾ. ಬಾಗಿಲು ತೆಗೆದೇ ಇಟ್ಟಿದ್ದೇನೆ. ಪ್ರೊಸೆಸರ್ 76, ಕಾರ್ಡ್ 68 ತೋರಿಸುತ್ತದೆ.

ತೊಗರಿಕಣಜ
68 ಅಂದರೆ ಮೇಲಿನ ಲೆಕ್ಕ. ಕಾರ್ಡಿನ ಚಿಪ್‌ನಲ್ಲಿ ಎಲ್ಲಕ್ಕಿಂತ ಬಿಸಿ ಇರುವ ಜಾಗ, ಅಂದರೆ ಹಾಟ್‌ಸ್ಪಾಟ್ ನೋಡಿ. ಕೂಲರ್ ಪಿಸಿ ಕಡೆಗೆ ತಿರುಗಿಸಿ ಒಂದು ತಾಸು ಆಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಬಿದರಿಕಪ್ಪು, ಬೀದರ್
ನೀರಿನ ಕೂಲರ್ ಪಿಸಿ ಕಡೆಗೆ ತಿರುಗಿಸಬೇಡಿ ದಯವಿಟ್ಟು! ಹುಲ್ಲು ಪೂರ್ತಿ ನೆನೆದಾಗ ಗಾಳಿಯ ಜೊತೆ ಸಣ್ಣ ಹನಿ ಬರುತ್ತವೆ. ಬೋರ್ ನೀರಾದರೆ ಒಣಗಿದ ಮೇಲೆ ಬಿಳಿ ಉಪ್ಪು ಕೂರುತ್ತದೆ. ನನ್ನ ಹಳೆಯ ಮದರ್‌ಬೋರ್ಡಿನ ಮೇಲೆ ಆ ಬಿಳಿ ಪದರವನ್ನು ಕಣ್ಣಾರೆ ನೋಡಿದ್ದೇನೆ, ಉಗುರಿನಿಂದ ಕೆರೆದರೂ ಬರಲಿಲ್ಲ. ಕೂಲರ್ ನಿಮ್ಮ ಕಡೆ ಇರಲಿ, ಪಿಸಿಗೆ ಬೇಡ.

ಇನ್ನು ಬಿಸಿಯೇ ಕಾರಣ ಅನ್ನುವುದನ್ನು ನಾನು ಒಪ್ಪಲ್ಲ. 5600ಕ್ಕೆ 90 ಡಿಗ್ರಿವರೆಗೆ ಅವಕಾಶ ಇದೆ, ಇವರದು 76.

ತೊಗರಿಕಣಜ
ಬೀದರ್‌ನವರಿಗೆ ನಮ್ಮ ಬಿಸಿಲು ಹೇಗೆ ಗೊತ್ತಾಗಬೇಕು, ನೀವು ಎತ್ತರದ ಮೇಲೆ ತಂಪಾಗಿ ಇದ್ದೀರಿ.

ಬಿದರಿಕಪ್ಪು
ತಂಪು ಅನ್ನುವುದು ನಿಜ. ನನ್ನ ಪಿಸಿಗೆ ಮುಂದೆ ಮೂರು ಫ್ಯಾನ್, ಹಿಂದೆ ಒಂದು, ಮೇಲೆ ಎರಡು, ಎಲ್ಲಾ 120 ಎಂಎಂ. ಮುಂದಿನ ಜಾಳಿಗೆಯನ್ನು ನಾನೇ ಕೊರೆದು ದೊಡ್ಡದು ಮಾಡಿದ್ದೇನೆ. ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಟ್ಟು ಅದರ ಮೇಲೆ ಕ್ಯಾಬಿನೆಟ್ ಕೂರಿಸಿದ್ದೇನೆ, ಅಲುಗಾಡುವುದಿಲ್ಲ, ನೆಲದ ಧೂಳೂ ಕಮ್ಮಿ. ಮೇ ತಿಂಗಳಲ್ಲೂ ಕಾರ್ಡ್ 65 ದಾಟಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಭೀಮಾತೀರ, ಯಾದಗಿರಿ
ಫೋಟೋ ಆಮೇಲೆ ಹಾಕಿ ಸರ್, ಮೊದಲು ಅವರದು ಮುಗಿಸೋಣ. ನನ್ನ ಪ್ರಕಾರ ಇದು ವೋಲ್ಟೇಜ್. ಸಂಜೆ ಪಂಪ್‌ಸೆಟ್, ಕೂಲರ್ ಎಲ್ಲಾ ಶುರುವಾದಾಗ ನಮ್ಮ ಕಡೆ 180ಕ್ಕೆ ಇಳಿಯುತ್ತದೆ. ನನಗೂ ಇದೇ ತರಹ ಜರ್ಕ್ ಇದೆ. ಸ್ಟೆಬಿಲೈಸರ್ ಹಾಕಿ.

ಸೇಡಂರೋಡ್, ಕಲಬುರಗಿ
ವೋಲ್ಟೇಜ್ ಇಳಿದರೆ ಪಿಸಿ ಆಫ್ ಆಗುತ್ತದೆ ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ಹೊಸ ಏರಿಯಾಕ್ಕೆ ಹೋದಾಗ ಮಾತ್ರ ಅರ್ಧ ಸೆಕೆಂಡ್ ನಿಲ್ಲುವ ಜಾಣತನ ಕರೆಂಟಿಗೆ ಇರಲ್ಲ. ಪಿಸಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. 100-240 ಅಂತ ಇದ್ದರೆ 180ಕ್ಕೆ ಅದು ಹೆದರಲ್ಲ. 200-240 ಅಂತ ಇದ್ದರೆ ಭೀಮಾತೀರ ಹೇಳಿದ್ದು ಯೋಚಿಸಬೇಕಾದ ಮಾತೇ, ಆದರೂ ಈ ಜರ್ಕಿಗೆ ಅದು ಕಾರಣ ಅಲ್ಲ.

ಬಿಸಿಲೂರು, ಎಫ್‌ಪಿಎಸ್ ನೋಡುವುದು ಬಿಡಿ. ಅದು ಇಡೀ ಸೆಕೆಂಡಿನ ಲೆಕ್ಕ, ನಡುವೆ ಒಂದು ಫ್ರೇಮ್ ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿತು ಅನ್ನುವುದು ಅದರಲ್ಲಿ ಮುಚ್ಚಿಹೋಗುತ್ತದೆ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 144 ಅಂದರೆ 6.9. ಕಾರ್ಡಿನ ಲೆಕ್ಕ ತೋರಿಸುವ ಸಾಫ್ಟ್‌ವೇರ್ ಆಫ್ಟರ್‌ಬರ್ನರ್‌ನಲ್ಲಿ ಫ್ರೇಮ್‌ಟೈಮ್ ಗ್ರಾಫ್ ಹಾಕಿಕೊಂಡು ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಜರ್ಕ್ ಬಂದ ಕ್ಷಣದಲ್ಲಿ ಕಾರ್ಡಿನ ಬಳಕೆ, ಕ್ಲಾಕ್ ಅಂದರೆ ಅದು ಓಡುವ ವೇಗ, ವಿಡಿಯೋ ಮೆಮೊರಿ ಮೂರೂ ಬರೆದುಕೊಳ್ಳಿ.

ಬಿಸಿಲೂರು
ಮಾಡಿದೆ. ಸುಮ್ನೆ ನಿಂತಾಗ ಗೆರೆ ನೆಟ್ಟಗೆ 11ರ ಹತ್ತಿರ ಇರುತ್ತದೆ. ಜರ್ಕ್ ಬಂದಾಗ 90, ಒಮ್ಮೆ 140ಕ್ಕೂ ಹಾರಿತು. ಆ ಹೊತ್ತಿಗೆ ಕಾರ್ಡಿನ ಬಳಕೆ 97ರಿಂದ 35ಕ್ಕೆ ಬೀಳುತ್ತದೆ. ಕ್ಲಾಕ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮೆಮೊರಿ 8 ಜಿಬಿಯಲ್ಲಿ 7ರ ಮೇಲೆ ತುಂಬಿರುತ್ತದೆ. ಹಾಟ್‌ಸ್ಪಾಟ್ 83.

ತೊಗರಿಕಣಜ
83! ನೋಡಿದಿರಾ.

ಸೇಡಂರೋಡ್
ಅಣ್ಣಾ, ಹಾಟ್‌ಸ್ಪಾಟ್ 83 ಆ ಕಾರ್ಡಿಗೆ ಜಾಸ್ತಿ ಅಲ್ಲ. ಬಿಸಿಯಿಂದ ಆಗಿದ್ದರೆ ಕ್ಲಾಕ್ ಇಳಿಯಬೇಕಿತ್ತು, ಇಳಿದಿಲ್ಲ. ಕಾರ್ಡ್ ಕೆಲಸ ಬಿಟ್ಟು ಸುಮ್ನೆ ಕೂತಿದೆ, ಅಂದರೆ ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದು ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಿ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಶುರು ಮಾಡಿಯೇ ಓದಬೇಕು, ಸುಮ್ನೆ ಇದ್ದಾಗ ಕಾರ್ಡ್ ಕರೆಂಟ್ ಉಳಿಸಲು ನಿಧಾನದ 1.1ಕ್ಕೆ ಇಳಿದಿರುತ್ತದೆ.

ಮದರ್‌ಬೋರ್ಡ್ ಯಾವುದು? ಅದನ್ನು ನೀವು ಹೇಳಲೇ ಇಲ್ಲ.

ಬಿಸಿಲೂರು
ಬಿ450 ಬೋರ್ಡ್. ಟೆಸ್ಟ್ ಓಡಿಸಿದೆ. "ಎಕ್ಸ್8 4.0" ಅಂತ ಇದೆ, ಅದರ ಮುಂದೆ "ಎಕ್ಸ್4 2.0" ಅಂತ ಇದೆ. ಇದು ಸರಿ ಇದೆಯಾ?

ಸೇಡಂರೋಡ್
ಇಲ್ಲ. ಮೊದಲನೆಯದು ಕಾರ್ಡಿನ ಶಕ್ತಿ, ಎರಡನೆಯದು ಈಗ ಸಿಗುತ್ತಿರುವುದು. ಎಕ್ಸ್ ಮುಂದಿನ ಅಂಕಿ ಎಷ್ಟು ದಾರಿ ಅನ್ನುವುದು, ಆಮೇಲಿನದು ಒಂದೊಂದು ದಾರಿಯ ವೇಗದ ತಲೆಮಾರು. ಆ ಬೋರ್ಡಿನಲ್ಲಿ ಎಕ್ಸ್8 3.0 ಬರಬೇಕಿತ್ತು. ಕಾರ್ಡ್ ಯಾವ ಸ್ಲಾಟಿನಲ್ಲಿದೆ? ಮೇಲಿನದಾ, ಕೆಳಗಿನದಾ?

ಬಿಸಿಲೂರು
ಕೆಳಗಿನದರಲ್ಲಿ ಅಣ್ಣಾ. ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಪಿಸಿ ಪೂರ್ತಿ ಬಿಚ್ಚಿದ್ದೆ. ನಮ್ಮ ಮನೆ ಹಿಂದೆಯೇ ದಾಲ್‌ಮಿಲ್ ಇದೆ, ಹೀಟ್‌ಸಿಂಕಿನ ಎಲೆಗಳ ನಡುವೆ ತೊಗರಿ ಹೊಟ್ಟಿನ ಹಳದಿ ಧೂಳು ಕಂಬಳಿ ಹಾಗೆ ಕೂತಿತ್ತು. ಬ್ರಶ್ ಹಾಕಿ ಎಲ್ಲಾ ತೆಗೆದೆ, ಪೇಸ್ಟ್ ಹಚ್ಚಿದೆ. ವಾಪಸ್ ಜೋಡಿಸುವಾಗ ಕಾರ್ಡ್ ಪ್ರೊಸೆಸರ್‌ಗೆ ತೀರಾ ಹತ್ತಿರ ಇದೆ, ಬೇಸಿಗೆ ಬೇರೆ ಬರುತ್ತಿದೆ, ನಡುವೆ ಗಾಳಿ ಆಡಲಿ ಅಂತ ಕೆಳಗಿನ ಸ್ಲಾಟಿಗೆ ಹಾಕಿದೆ. ಎರಡೂ ಒಂದೇ ಉದ್ದ ಇವೆ, ಸರಿಯಾಗಿ ಕೂತಿತು, ಡಿಸ್‌ಪ್ಲೇ ಬಂತು. ಅದಕ್ಕೇ ಇದನ್ನು ಬದಲಾವಣೆ ಅಂತ ಎಣಿಸಲೇ ಇಲ್ಲ.

ಸೇಡಂರೋಡ್
ಸಿಕ್ಕಿತು ನೋಡಿ. ಉದ್ದ ಒಂದೇ ಇದ್ದರೂ ಒಳಗಿನ ತಂತಿ ಒಂದೇ ಅಲ್ಲ. ಮೇಲಿನ ಸ್ಲಾಟ್ ನೇರವಾಗಿ ಪ್ರೊಸೆಸರ್‌ಗೆ ಹೋಗುತ್ತದೆ. ಹೆಚ್ಚಿನ ಬಿ450 ಬೋರ್ಡ್‌ಗಳಲ್ಲಿ ಕೆಳಗಿನದು ಬೋರ್ಡಿನ ಇನ್ನೊಂದು ಚಿಪ್ ಆದ ಚಿಪ್‌ಸೆಟ್ ಮೂಲಕ ಬರುವ ಎಕ್ಸ್4 2.0 ಅಷ್ಟೇ. ಮೇಲೆ ನಿಮ್ಮ ಕಾರ್ಡಿಗೆ ಸೆಕೆಂಡಿಗೆ ಸುಮಾರು 8 ಜಿಬಿ ಬರುತ್ತಿತ್ತು, ಕೆಳಗೆ 2 ಜಿಬಿ. ಒಂದೇ ಕಡೆ ನಿಂತಾಗ ಬೇಕಾದದ್ದೆಲ್ಲ ಕಾರ್ಡಿನ ಮೆಮೊರಿಯಲ್ಲೇ ಇರುತ್ತದೆ, ಅದಕ್ಕೆ ತೊಂದರೆ ಕಾಣಲ್ಲ. ಜೋರಾಗಿ ಓಡಿಸಿದಾಗ ಹೊಸ ಕಟ್ಟಡ, ಹೊಸ ರಸ್ತೆ ಎಲ್ಲಾ ಆ ಸಣ್ಣ ದಾರಿಯಲ್ಲೇ ಬರಬೇಕು. ಮೆಮೊರಿಯೂ ತುಂಬಿದ್ದರೆ ಹಳೆಯದು ಹೋಗಿ ಹೊಸದು ಬರುವವರೆಗೆ ಚಿತ್ರ ನಿಲ್ಲುತ್ತದೆ.

ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡಿನ ವೈರ್ ತೆಗೆದು, ಹಿಂದಿನ ಸ್ಕ್ರೂ ಬಿಚ್ಚಿ. ಆಮೇಲೆ ಸ್ಲಾಟಿನ ತುದಿಯ ಕ್ಲಿಪ್ ಒತ್ತಿ ಹಿಡಿದೇ ಎಳೆಯಬೇಕು, ಕ್ಲಿಪ್ ಒತ್ತದೆ ಎಳೆದರೆ ಸ್ಲಾಟ್ ಮುರಿಯುತ್ತದೆ. ಕಾರ್ಡ್ ತೆಗೆದ ಮೇಲೆ ಟಾರ್ಚ್ ಹಾಕಿ ಎರಡೂ ಸ್ಲಾಟಿನ ಒಳಗೆ ನೋಡಿ.

ತೊಗರಿಕಣಜ
ಮೇಲೆ ಹಾಕಿದರೆ ಬಿಸಿ ಜಾಸ್ತಿ ಆಗುತ್ತದೆ, ಹೇಳಿದ್ದೇನೆ.

ಬಿಸಿಲೂರು
ಈಗಷ್ಟೇ ಮುಗಿಸಿದೆ. ಟಾರ್ಚ್ ಹಾಕಿದಾಗ ನನಗೇ ಬೆರಗಾಯಿತು. ಮೇಲಿನ ಸ್ಲಾಟಿನಲ್ಲಿ ಈ ತುದಿಯಿಂದ ಆ ತುದಿವರೆಗೆ ಬಂಗಾರ ಬಣ್ಣದ ಪಿನ್ ಸಾಲು. ಕೆಳಗಿನದರಲ್ಲಿ ಸ್ವಲ್ಪ ದೂರ ಹೋಗಿ ಪಿನ್ ನಿಂತೇ ಹೋಗಿವೆ, ಮುಂದೆಲ್ಲ ಖಾಲಿ ಪ್ಲಾಸ್ಟಿಕ್. ಮೂರು ವಾರ ಡ್ರೈವರ್ ಹಿಂದೆ ಓಡಾಡಿದೆ, ಇದನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಈಗ ಎಕ್ಸ್8 3.0 ತೋರಿಸುತ್ತದೆ. ಅದೇ ರಸ್ತೆಯಲ್ಲಿ ಹತ್ತು ಸಲ ಓಡಿಸಿದೆ, ಗ್ರಾಫ್ 9ರ ಹತ್ತಿರ, ಜಾಸ್ತಿ ಅಂದರೆ 22. ಎಫ್‌ಪಿಎಸ್ಸೂ 110 ದಾಟಿದೆ. ಕಾರ್ಡ್ 72 ಡಿಗ್ರಿ, ಮೊದಲಿಗಿಂತ 4 ಜಾಸ್ತಿ. ತೊಗರಿಕಣಜ ಅಣ್ಣ ಹೇಳಿದ್ದು ಅಷ್ಟು ಮಟ್ಟಿಗೆ ನಿಜ. ಸೇಡಂರೋಡ್ ಅಣ್ಣಾ, ನಿಮಗೆ ತುಂಬಾ ಥ್ಯಾಂಕ್ಸ್ ರೀ.

ತೊಗರಿಕಣಜ
ಒಳ್ಳೇದಾಯಿತು. ಹೊಟ್ಟು ಮಾತ್ರ ಎರಡು ತಿಂಗಳಿಗೊಮ್ಮೆ ತೆಗೆಯಿರಿ, ಮಿಲ್ ಹಿಂದಿನ ಮನೆ ಅಂದರೆ ಬೇಗ ತುಂಬುತ್ತದೆ. ಮುಂದಿನ ಜಾಳಿಗೆಗೆ ತೆಳ್ಳಗಿನ ಸೊಳ್ಳೆಪರದೆ ಬಟ್ಟೆ ಕಟ್ಟಿ.

ಭೀಮಾತೀರ
ನನ್ನದು ಇನ್ನೂ ಹಾಗೇ ಇದೆ. ಸ್ಲಾಟ್ ಸರಿ ಇದೆ, ಎಕ್ಸ್16 3.0 ತೋರಿಸುತ್ತದೆ. ಇದೂ ರೈಜನ್ನೇ, ರ‍್ಯಾಮ್ 3200ರದು, ಎರಡು ಕಡ್ಡಿ.

ಸೇಡಂರೋಡ್
ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ವೇಗ ಎಷ್ಟು ಅಂತ ನೋಡಿ ಹೇಳಿ.

ಭೀಮಾತೀರ
2400. ಮೂರು ತಿಂಗಳ ಹಿಂದೆ ಬಯೋಸ್‌ನಲ್ಲಿ, ಅಂದರೆ ಬೋರ್ಡಿನ ಒಳ ಸೆಟ್ಟಿಂಗಿನಲ್ಲಿ, ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಹಾಕಿ 3200 ಮಾಡಿದ್ದೆ, ಖಾತ್ರಿ ಇದೆ.

ಬಿದರಿಕಪ್ಪು
ಬೆಳಿಗ್ಗೆ ಆನ್ ಮಾಡಿದಾಗ ಪಿಸಿಯ ಗಡಿಯಾರ ಹಿಂದೆ ಬಿದ್ದಿರುತ್ತದಾ? ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗುತ್ತೀರಾ?

ಭೀಮಾತೀರ
ಹೌದು ಸರ್, ಎರಡೂ ಹೌದು! ಗುಡುಗಿನ ಭಯಕ್ಕೆ ಪ್ಲಗ್ಗೇ ಕಿತ್ತಿಡುತ್ತೇನೆ. ಬೆಳಿಗ್ಗೆ ತಾರೀಖು ತಪ್ಪಿ ಬ್ರೌಸರ್ ಯಾವ ಸೈಟನ್ನೂ ತೆರೆಯಲ್ಲ. ಇಂಟರ್‌ನೆಟ್ ತೊಂದರೆ ಅಂದುಕೊಂಡಿದ್ದೆ.

ಬಿದರಿಕಪ್ಪು
ಹಾಗಾದರೆ ಬೋರ್ಡಿನ ಬಟನ್ ಸೆಲ್ ಸತ್ತಿದೆ. ಪ್ಲಗ್ ಕಿತ್ತಾಗ ಬಯೋಸ್ ಸೆಟ್ಟಿಂಗ್ ಮತ್ತು ಗಡಿಯಾರ ಆ ಸೆಲ್ ಮೇಲೆಯೇ ನಿಂತಿರುತ್ತವೆ. ದಿನಾ ರಾತ್ರಿ ಎಕ್ಸ್‌ಎಂಪಿ ಅಳಿಸಿಹೋಗಿ ರ‍್ಯಾಮ್ ನಿಧಾನ ಆಗುತ್ತಿದೆ. ರೈಜನ್‌ನಲ್ಲಿ ಒಳಗಿನ ಕೊಂಡಿಯ ವೇಗವೂ ರ‍್ಯಾಮ್ ಜೊತೆಗೇ ಇಳಿಯುತ್ತದೆ, ಅದಕ್ಕೆ ಗೇಮಿನಲ್ಲಿ ಬೇಗ ಗೊತ್ತಾಗುತ್ತದೆ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬರೆದ ಬದಿ ಮೇಲೆ ಬರುವ ಹಾಗೆ ಹಾಕಿ, ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ.

ಭೀಮಾತೀರ
ನಿನ್ನೆ ಸಂತೆಗೆ ಹೋಗಿದ್ದಾಗಲೇ ತಂದು ಹಾಕಿದೆ. ರಾತ್ರಿ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ನೋಡಿದೆ. ತಾರೀಖು ಸರಿ ಇದೆ, ರ‍್ಯಾಮ್ 3200. ಸ್ಟೆಬಿಲೈಸರ್ ಆರ್ಡರ್ ಕ್ಯಾನ್ಸಲ್ ಮಾಡಿದೆ. ಬಿದರಿಕಪ್ಪು ಸರ್, ಆ ಶಹಾಬಾದ್ ಕಲ್ಲಿನ ಫೋಟೋ ಈಗ ಹಾಕಿ.