ದಾವಣಗೆರೆಯಿಂದ ಸೂಪರ್‌ಕಂಪ್ಯೂಟರ್ ಬಳಸಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ: ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಪ್ರೋಟೀನಿಗೆ ಔಷಧದ ಅಣು ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು, ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ತಂತ್ರಾಂಶದಲ್ಲಿ ನೋಡಬೇಕು. ಅಣುಗಳ 100 ನ್ಯಾನೋಸೆಕೆಂಡಿನ (ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಚಲನೆಯ ಲೆಕ್ಕಕ್ಕೆ ನನ್ನ ಲ್ಯಾಪ್‌ಟಾಪ್ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ನಡುವೆ ಕರೆಂಟ್ ಹೋಗುತ್ತದೆ. ಬೆಂಗಳೂರಿನ ಯಂತ್ರಗಳನ್ನು ಇಲ್ಲಿಂದಲೇ ಬಳಸಬಹುದೇ?

ಚಿತ್ರದುರ್ಗದ ಭೌತಶಾಸ್ತ್ರ ಅಧ್ಯಾಪಕ: ಖಂಡಿತ ಬಳಸಬಹುದು ತಂಗಿ, ದೂರವೆಂದು ಹಿಂಜರಿಯಬೇಡಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಇಂಥ ಯಂತ್ರಗಳನ್ನು ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಾಪಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ ಅವುಗಳಲ್ಲೊಂದು, ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಹೊರಗಿನವರಿಗೆ ಇರುವ ಅವಕಾಶ, ಶುಲ್ಕಗಳ ಬಗ್ಗೆ ಮಾರ್ಗದರ್ಶಕರಿಂದಲೇ ಕೇಂದ್ರಗಳಿಗೆ ಪತ್ರ ಬರೆಸಿ.

ಅಲ್ಲಿ ಎಲ್ಲವೂ ಸರದಿಯ ಪ್ರಕಾರ. ಲಾಗಿನ್ ಆದೊಡನೆ ತಲುಪುವ ಕಂಪ್ಯೂಟರ್ ಮನೆಯ ಪಡಸಾಲೆಯಂತೆ, ಎಲ್ಲರೂ ಹಾದುಹೋಗುವ ಜಾಗ. ಅಲ್ಲಿ ಲೆಕ್ಕ ಓಡಿಸಬಾರದು. ಎಷ್ಟು ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ), ಎಷ್ಟು ಗಂಟೆ ಬೇಕೆಂದು ಸ್ಕ್ರಿಪ್ಟ್ (ಆದೇಶಗಳ ಕಡತ) ಬರೆದು, ಸರದಿಯನ್ನು ನಿರ್ವಹಿಸುವ ಸ್ಲರ್ಮ್ ತಂತ್ರಾಂಶಕ್ಕೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ನಿಮ್ಮಲ್ಲಿ ಕರೆಂಟ್ ಹೋದರೂ ಕೆಲಸ ನಡೆಯುತ್ತಿರುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಹೆಚ್ಚು ಕೋರ್ ಕೇಳಿದಷ್ಟೂ ವೇಗ ಹೆಚ್ಚುವುದಿಲ್ಲ. ಲೆಕ್ಕದ ಹತ್ತನೇ ಒಂದು ಭಾಗವನ್ನು ಹಂಚಲಾಗದಿದ್ದರೆ, ಸಾವಿರ ಕೋರ್ ಕೊಟ್ಟರೂ ವೇಗ ಹತ್ತು ಪಟ್ಟನ್ನು ದಾಟದು. ಇದು 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಆಮ್‌ಡಾಲ್ ತೋರಿಸಿಕೊಟ್ಟ ನಿಯಮ. ಆದ್ದರಿಂದ 8, 16, 32 ಕೋರ್‌ಗಳಲ್ಲಿ ಕೆಲವೇ ನಿಮಿಷ ಓಡಿಸಿ ನೋಡಿ. ಕೆಲಸದ ವಿವರ ದಾಖಲಾಗುವ ಲಾಗ್ ಕಡತದ ಕೊನೆಯಲ್ಲಿ ದಿನಕ್ಕೆ ಎಷ್ಟು ನ್ಯಾನೋಸೆಕೆಂಡ್ ಸಾಗುತ್ತದೆ ಎಂದು ಗ್ರೋಮ್ಯಾಕ್ಸ್ ತಾನೇ ಬರೆದಿರುತ್ತದೆ. ಆ ಅಂಕಿಗಳನ್ನು ಅರ್ಜಿಗೆ ಲಗತ್ತಿಸಿದರೆ ಪರಿಶೀಲಿಸುವವರಿಗೂ ನಂಬಿಕೆ ಬರುತ್ತದೆ. ಸಮಯವನ್ನೂ ಅಳೆದೇ ಕೇಳಿ. ಕಡಿಮೆ ಗಂಟೆಯ ಕೆಲಸ ಸರದಿಯ ನಡುವಿನ ತೆರಪಿನಲ್ಲಿ ನುಸುಳಿ ಬೇಗ ಶುರುವಾಗಬಹುದು; ಆದರೆ ಕೇಳಿದ ಗಂಟೆ ಮುಗಿದರೆ ಸ್ಲರ್ಮ್ ಕೆಲಸವನ್ನು ಅರ್ಧದಲ್ಲೇ ನಿಲ್ಲಿಸಿಬಿಡುತ್ತದೆ.

ಹರಿಹರದ ಸಂಶೋಧಕಿ: ಅರ್ಧಕ್ಕೆ ನಿಂತರೆ ಹೆದರಬೇಕಿಲ್ಲ. ಗ್ರೋಮ್ಯಾಕ್ಸ್ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ (ಲೆಕ್ಕ ಅಲ್ಲಿಯವರೆಗೆ ತಲುಪಿದ ಸ್ಥಿತಿ) ಉಳಿಸುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಫಲಿತಾಂಶಗಳನ್ನು ಮಾತ್ರ ಸ್ಕ್ರ್ಯಾಚ್‌ನಲ್ಲಿ, ಅಂದರೆ ಅಲ್ಲಿನ ತಾತ್ಕಾಲಿಕ ಸಂಗ್ರಹದಲ್ಲಿ, ಬಿಡಬೇಡಿ. ಹಳೆಯ ಕಡತಗಳನ್ನು ಅಲ್ಲಿ ಅಳಿಸುವುದು ವಾಡಿಕೆ, ಬ್ಯಾಕಪ್ಪೂ ಇರುವುದಿಲ್ಲ. ನಾನು ಪ್ರತಿ ಶನಿವಾರ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತೇನೆ.

ದಾವಣಗೆರೆಯ ಎಂ.ಟೆಕ್ ವಿದ್ಯಾರ್ಥಿ: ಅಕ್ಕ, ಅರ್ಜಿಗೆ ಮುನ್ನ ಒಂದು ಮಾತು. ಗ್ರೋಮ್ಯಾಕ್ಸ್ ಜಿಪಿಯುವನ್ನು (ಗ್ರಾಫಿಕ್ಸ್ ಪ್ರೊಸೆಸರ್) ಬಹಳ ಚೆನ್ನಾಗಿ ಬಳಸಿಕೊಳ್ಳುತ್ತದೆ. ಒಂದೇ ಪ್ರೋಟೀನ್ ಇರುವ ಸಣ್ಣ ವ್ಯವಸ್ಥೆಯಾದರೆ ವಿಭಾಗದಲ್ಲಿ ಒಳ್ಳೆಯ ಜಿಪಿಯು ಇರುವ ಒಂದು ಕಂಪ್ಯೂಟರ್, ಜೊತೆಗೆ ಯುಪಿಎಸ್ ಇದ್ದರೂ ಸಾಕಾಗಬಹುದು. ಬ್ರೌಸರ್‌ನಲ್ಲೇ ಪ್ರೋಗ್ರಾಂ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತ ಜಿಪಿಯು ಸಿಕ್ಕಾಗ ಪರೀಕ್ಷಿಸಿ ನೋಡಿ. ಅಲ್ಲಿ ಸಂಪರ್ಕ ಕಡಿಯುತ್ತಿರುತ್ತದೆ, ಚೆಕ್‌ಪಾಯಿಂಟ್ ಕಡತವನ್ನು ಗೂಗಲ್ ಡ್ರೈವ್‌ಗೆ ಉಳಿಸಿಕೊಳ್ಳಿ. ನೀರಿನ ಅಣುಗಳೂ ಸೇರಿ ನಿಮ್ಮಲ್ಲಿ ಒಟ್ಟು ಎಷ್ಟು ಪರಮಾಣುಗಳಿವೆ? ಅದನ್ನು ಇಲ್ಲಿ ಬರೆದರೆ ಯಾವುದು ಸಾಕೆಂದು ಒಟ್ಟಿಗೆ ಲೆಕ್ಕ ಹಾಕೋಣ.