ನ್ಯಾನೊ ಬೋರ್ಡ್ ಲೈಟ್ ಉರೀತದೆ, ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಮಾತ್ರ ಬರ್ತಿಲ್ಲ

ಹೊಳಲ್ಕೆರೆ ತೋಟ:
ಅಡಿಕೆ ತೋಟದ ಡ್ರಿಪ್ ವಾಲ್ವ್‌ಗಳನ್ನ ಸರದಿ ಮೇಲೆ ತೆಗೆದು ಮುಚ್ಚೋಕೆ ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ತುಂಬಿ ಓಡಿಸೋ ಪುಟ್ಟ ಸರ್ಕ್ಯೂಟ್ ಬೋರ್ಡ್) ಕ್ಲೋನ್, ಅಂದ್ರೆ ನಕಲು ಬೋರ್ಡ್ ಹಾಕಿದೆ. ಬೋರ್‌ವೆಲ್ ಸ್ಟಾರ್ಟರ್ ಡಬ್ಬದ ಒಳಗೇ ಕೂರಿಸಿದೆ. ಹಳೇ ಪ್ರೋಗ್ರಾಂ ಈಗಲೂ ಸರಿಯಾಗಿ ಓಡ್ತಿದೆ, ಟೈಮಿಂಗ್ ಬದಲಿಸಬೇಕು. ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಲೈಟ್ ಹತ್ತುತ್ತೆ, ಬೋರ್ಡ್ ಜೊತೆ ಮಾತಾಡೋಕೆ ಬೇಕಾದ ಕಾಮ್ ಪೋರ್ಟ್ ಮಾತ್ರ ಕಾಣ್ತಿಲ್ಲ. ಡ್ರೈವರ್ ಎರಡು ಸಲ ತೆಗೆದು ಹಾಕಿದ್ದಾಯ್ತು. ಬೋರ್ಡ್ ಹೋಯ್ತಾ ಸರ್?

ದಾವಣಗೆರೆ ಬೆಂಚ್:
ಪ್ರೋಗ್ರಾಂ ಓಡ್ತಿದೆ ಅಂದ್ರೆ ಮುಖ್ಯ ಚಿಪ್ ಚೆನ್ನಾಗಿದೆ. ಯುಎಸ್‌ಬಿ ಮಾತು ನೋಡಿಕೊಳ್ಳೋದು ಬೋರ್ಡ್ ಕೆಳಗಿರುವ ಬೇರೆ ಚಿಪ್, ಸಿಎಚ್340ಜಿ. ಹುಡುಕಾಟ ಅದರ ಸುತ್ತ ಮಾತ್ರ ಸಾಕು. ಲೈಟ್ ನಂಬಬೇಡಿ, ಅದಕ್ಕೆ ಬೇಕಿರೋದು ಕೆಂಪು, ಕಪ್ಪು ತಂತಿ ಎರಡೇ. ಡೇಟಾ ಹೋಗೋದು ಹಸಿರು (ಡಿ+), ಬಿಳಿ (ಡಿ-) ತಂತಿಗಳಲ್ಲಿ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಸಲ ಇವೆರಡು ಇರೋದೇ ಇಲ್ಲ.

ಡ್ರೈವರ್ ಈಗ ಮುಟ್ಟಬೇಡಿ. ಡ್ರೈವರ್ ಇಲ್ಲದಿದ್ದರೂ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿ ಹಳದಿ ಗುರುತಿನ ಜೊತೆ ಏನಾದರೂ ಒಂದು ಬರಲೇಬೇಕು. ಅದರ ಹಾರ್ಡ್‌ವೇರ್ ಐಡಿಯಲ್ಲಿ 1ಎ86, 7523 (ಈ ಚಿಪ್‌ನ ಗುರುತು) ಅಂತ ಕಂಡರೆ ಮಾತ್ರ ಡ್ರೈವರ್ ವಿಚಾರ. ಡೇಟಾ ಸಾಗಿಸುತ್ತೆ ಅಂತ ಖಾತ್ರಿ ಇರುವ ಮಿನಿ ಯುಎಸ್‌ಬಿ ಕೇಬಲ್ ತಗೊಳ್ಳಿ. ಹಳೇ ಕ್ಯಾಮೆರಾದ್ದು ಇದ್ದರೆ, ಅದರಲ್ಲಿ ಫೋಟೊ ಕಾಪಿ ಮಾಡಿ ನೋಡಿ. ಹಬ್ ಬೇಡ, ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಚುಚ್ಚಿದಾಗ ಸದ್ದು ಬರುತ್ತಾ, ಏನು ಹೆಸರು ಬರುತ್ತೆ, ಅಷ್ಟು ತಿಳಿಸಿ.

ಇನ್ನೊಂದು ಮಾತು, ಇದನ್ನ ಹಗುರ ಮಾಡಬೇಡಿ. ಸ್ಟಾರ್ಟರ್ ಡಬ್ಬದಲ್ಲಿ ತ್ರೀ ಫೇಸ್ 415 ವೋಲ್ಟ್ ಇದೆ. ಬೋರ್ಡನ್ನ ಪೂರ್ತಿ ಹೊರಗೆ ತೆಗೆದು, ರಿಲೇ ತಂತಿ ಎಲ್ಲ ಬಿಡಿಸಿದ ಮೇಲೇ ಲ್ಯಾಪ್‌ಟಾಪ್‌ಗೆ ಹಚ್ಚಿ.

ಹೊಳಲ್ಕೆರೆ ತೋಟ:
ಕ್ಯಾಮೆರಾ ಕೇಬಲ್ ಸಿಕ್ತು. ಈಗ ಸದ್ದು ಬರುತ್ತೆ. ‘ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43.

ದಾವಣಗೆರೆ ಬೆಂಚ್:
ಹಾಗಾದರೆ ಮೊದಲಿನ ಕೇಬಲ್ಲೂ ದಂಡ, ಒಳಗೆ ಇನ್ನೊಂದು ದೋಷವೂ ಇದೆ. ಆದರೆ ಕೋಡ್ 43 ಒಳ್ಳೇ ಸುಳಿವು. ಚಿಪ್ ತನ್ನ ಒಳಗಿನ ರೆಸಿಸ್ಟರ್‌ನಿಂದ ಡಿ+ ತಂತಿಯನ್ನ 3.3 ವೋಲ್ಟ್ ಕಡೆ ಎಳೆದಾಗಲೇ ಕಂಪ್ಯೂಟರ್‌ಗೆ ‘ಯಾರೋ ಬಂದರು’ ಅಂತ ಗೊತ್ತಾಗೋದು. ಡಿ+ ತುಂಡಾಗಿದ್ದರೆ ಸದ್ದೇ ಬರಲ್ಲ. ಸದ್ದು ಬಂದು ‘ನೀನ್ಯಾರು’ ಅಂದಾಗ ಉತ್ತರ ಸಿಗದಿದ್ದರೆ ಡಿ- ತುಂಡಾಗಿರಬೇಕು, ಇಲ್ಲವೇ ಚಿಪ್‌ನ ಗಡಿಯಾರ ನಿಂತಿರಬೇಕು, ಇಲ್ಲ ಚಿಪ್ಪೇ ಸುಟ್ಟಿರಬೇಕು.

ಕೇಬಲ್ ಕಿತ್ತು ಮಲ್ಟಿಮೀಟರ್ ಕಂಟಿನ್ಯುಟಿಗೆ (ತಂತಿ ಸೇರಿದ್ದರೆ ಬೀಪ್ ಅನ್ನೋ ಸೆಟ್ಟಿಂಗ್) ಇಡಿ. ಮಿನಿ ಸಾಕೆಟ್‌ನ 2ನೇ ಕಾಲಿನಿಂದ ಚಿಪ್‌ನ 6ನೇ ಕಾಲಿಗೆ (ಡಿ-), 3ನೇ ಕಾಲಿನಿಂದ 5ನೇ ಕಾಲಿಗೆ (ಡಿ+) ಬೀಪ್ ಬರಬೇಕು. ಚಿಪ್ ಮೇಲಿನ ಚುಕ್ಕೆಯ ಹತ್ತಿರದ್ದು 1ನೇ ಕಾಲು, ಅಲ್ಲಿಂದ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಎಣಿಸಿ. ಆಮೇಲೆ ಕೇಬಲ್ ಹಾಕಿ, ಮೀಟರ್ ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ಪ್ರೋಬ್ ಬೋರ್ಡಿನ ಜಿಎನ್‌ಡಿ (ಗ್ರೌಂಡ್) ಪಿನ್‌ಗೆ ಹಿಡಿಯಿರಿ. 16ನೇ ಕಾಲಿನಲ್ಲಿ 4.5ರಿಂದ 5 ವೋಲ್ಟ್, 4ನೇ ಕಾಲಿನಲ್ಲಿ ಸುಮಾರು 3.3 ಸಿಗಬೇಕು. ನಾಲ್ಕರಲ್ಲಿ ಸೊನ್ನೆ ಬಂದರೆ ಪಕ್ಕದ ಕೆಪಾಸಿಟರ್ ಶಾರ್ಟ್ ಆಗಿರಬಹುದು ಅಥವಾ ಚಿಪ್ ಹೋಗಿರಬಹುದು. 5ರ ಹತ್ತಿರ ಬಂದರೆ ಚಿಪ್ ಕೆಟ್ಟಂತೆಯೇ. ಪ್ರೋಬ್ ತುದಿ ಜಾರಿ ಎರಡು ಕಾಲು ಸೇರದಂತೆ ಕೈ ಬಿಗಿ ಹಿಡೀರಿ.

ಚಿತ್ರದುರ್ಗ ಲಿನಕ್ಸ್:
ನಡುವೆ ಒಂದು ಮಾತು, ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇಟ್ಟುಕೊಂಡವರಿಗೆ. ಡಿಮೆಸ್ಗ್‌ನಲ್ಲಿ (ಸಿಸ್ಟಮ್ ಸಂದೇಶ ತೋರಿಸೋ ಕಮಾಂಡ್) ಎರರ್ -71 ಅಥವಾ -110 ಬಂದರೆ ಇವರ ಸಮಸ್ಯೆಯೇ ನಿಮ್ಮದೂ, ವೈರಿಂಗ್ ಕಡೆ ನೋಡ್ರಿ. ಸಿಎಚ್341 (ಲಿನಕ್ಸ್‌ನಲ್ಲಿ ಈ ಚಿಪ್‌ನ ಡ್ರೈವರ್ ಹೆಸರು) ಅಂತ ಗುರುತು ಹಿಡಿದು, ಟಿಟಿವೈಯುಎಸ್‌ಬಿ0 ಅನ್ನೋ ಪೋರ್ಟ್ ಬಂದು, ಕೂಡಲೇ ಮಾಯವಾದರೆ ಬೋರ್ಡ್ ತಪ್ಪಲ್ಲ. ಉಬುಂಟು 22.04ರಲ್ಲಿ ಬ್ರೈಲ್ ಸಾಧನ ನೋಡಿಕೊಳ್ಳುವ ಬಿಆರ್‌ಎಲ್‌ಟಿಟಿವೈ ಇದೇ ಐಡಿಯನ್ನ ತನ್ನದು ಅಂದುಕೊಂಡು ಪೋರ್ಟ್ ಕಸಿದುಕೊಳ್ಳುತ್ತೆ. ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಬಿಡಿ. ಪೋರ್ಟ್ ಇದ್ದೂ ‘ಪರ್ಮಿಷನ್ ಡಿನೈಡ್’ ಅಂದರೆ ನಿಮ್ಮ ಯೂಸರನ್ನ ಪೋರ್ಟ್ ಬಳಸೋ ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಹೊಳಲ್ಕೆರೆ ತೋಟ:
ಎರಡೂ ಕಡೆ ಬೀಪ್ ಬಂತು. 16ರಲ್ಲಿ 4.7, ನಾಲ್ಕರಲ್ಲಿ 3.28.

ದಾವಣಗೆರೆ ಬೆಂಚ್:
ತಂತಿ, ವೋಲ್ಟ್ ಎರಡೂ ಸರಿ ಇವೆ. ಹಾಗಾದರೆ ಚಿಪ್‌ನ ಗಡಿಯಾರ ನಡೆಸೋ ಕ್ರಿಸ್ಟಲ್ ಮೇಲೆ ನನ್ನ ಅನುಮಾನ. ಚಿಪ್ ಪಕ್ಕದಲ್ಲಿ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ ಇದೆ ನೋಡಿ, ಮೇಲೆ 12.000 ಅಂತ ಬರೆದಿರುತ್ತೆ. 16 ಮೆಗಾಹರ್ಟ್ಸ್‌ನದು ಮುಖ್ಯ ಚಿಪ್‌ನದು, ಅದನ್ನ ಬಿಡಿ. ಮೋಟಾರ್ ಆನ್ ಮಾಡೋ ಕಾಂಟ್ಯಾಕ್ಟರ್ ಪ್ರತಿ ಸಲ ‘ಟಕ್’ ಅಂತ ಎಳೆದಾಗ ಸ್ಟಾರ್ಟರ್ ಡಬ್ಬವೇ ಅದುರುತ್ತೆ. ಆ ಹೊಡೆತಕ್ಕೆ ಕ್ರಿಸ್ಟಲ್ ಕಾಲಿನ ಬೆಸುಗೆ ಬಿರುಕು ಬಿಡೋದು ಹೊಸದೇನಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತೆ. ಜೊತೆಗೆ ಬಿಳಿ ಪುಡಿಯಂಥ ತುಕ್ಕೂ ಇರಬಹುದು.

ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ. ಕ್ರಿಸ್ಟಲ್‌ನ ಎರಡೂ ಕಾಲಿಗೆ, ಚಿಪ್‌ನ 7 ಮತ್ತು 8ನೇ ಕಾಲಿಗೆ (ಕ್ರಿಸ್ಟಲ್ ಸೇರೋದು ಇಲ್ಲೇ) ಬೆಸುಗೆ ಹಿಡಿಯೋಕೆ ನೆರವಾಗೋ ಫ್ಲಕ್ಸ್ ಹಚ್ಚಿ. ಐರನ್ 350 ಡಿಗ್ರಿ, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡ್, ಎಳ್ಳಿನಷ್ಟು ಹೊಸ ಸೀಸ. ಹೆಚ್ಚು ಹೊತ್ತು ಹಿಡಿದರೆ ಪ್ಯಾಡ್ ಎದ್ದು ಬರುತ್ತೆ. ಇಷ್ಟಕ್ಕೂ ಬಗ್ಗದಿದ್ದರೆ ಕ್ರಿಸ್ಟಲ್ ಬದಲಿಸಿ.

ಅದಕ್ಕೂ ಏಳದಿದ್ದರೆ ಬೋರ್ಡ್ ಎಸೆಯಬೇಡಿ. ಬೇರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ತಂದು 5 ವೋಲ್ಟ್ ಮತ್ತು ಜಿಎನ್‌ಡಿ ಕೊಡಿ, ಅದರ ಟಿಎಕ್ಸ್ (ಡೇಟಾ ಕಳಿಸೋ ಪಿನ್) ಅನ್ನ ಬೋರ್ಡಿನ ಆರ್‌ಎಕ್ಸ್0ಗೆ, ಆರ್‌ಎಕ್ಸ್ (ಡೇಟಾ ತಗೊಳ್ಳೋ ಪಿನ್) ಅನ್ನ ಬೋರ್ಡಿನ ಟಿಎಕ್ಸ್1ಕ್ಕೆ ಹಚ್ಚಿ. ಅಡಾಪ್ಟರ್‌ನ ಡಿಟಿಆರ್ ಪಿನ್ ಅನ್ನ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ರೀಸೆಟ್ ಪಿನ್‌ಗೆ ಕೊಟ್ಟರೆ ಪ್ರೋಗ್ರಾಂ ತಾನೇ ಹತ್ತುತ್ತೆ.

ಹೊಳಲ್ಕೆರೆ ತೋಟ:
ಬೆಸುಗೆ ಸರಿಮಾಡಿದ ಮೇಲೆ ಕಾಮ್ 5 ಬಂತು ಸರ್! ಆದರೆ ಅಪ್‌ಲೋಡ್ ಮಾಡಿದರೆ ‘ನಾಟ್ ಇನ್ ಸಿಂಕ್’ ಅಂತಿದೆ.

ದಾವಣಗೆರೆ ಬೆಂಚ್:
ಆರ್ಡುಯಿನೊ ಸಾಫ್ಟ್‌ವೇರ್‌ನ ಟೂಲ್ಸ್ ಮೆನುವಿನ ಪ್ರೊಸೆಸರ್‌ನಲ್ಲಿ ‘ಎಟಿಮೆಗಾ328ಪಿ, ಓಲ್ಡ್ ಬೂಟ್‌ಲೋಡರ್’ ಆರಿಸಿ. ಬೂಟ್‌ಲೋಡರ್ ಅಂದ್ರೆ ಹೊಸ ಪ್ರೋಗ್ರಾಂ ಒಳಗೆ ತಗೊಳ್ಳೋ ಪುಟ್ಟ ಪ್ರೋಗ್ರಾಂ. ಕ್ಲೋನ್‌ಗಳಲ್ಲಿ ಹಳೇದೇ ಇರೋದು ಹೆಚ್ಚು, ಅದು ಮಾತಾಡೋದು 57600 ವೇಗದಲ್ಲಿ, ಹೊಸದಕ್ಕೆ 115200. ಬೋರ್ಡನ್ನ ಮತ್ತೆ ಸ್ಟಾರ್ಟರ್ ಡಬ್ಬಕ್ಕೆ ಹಾಕಬೇಡಿ. ಬೇರೆ ಪ್ಲಾಸ್ಟಿಕ್ ಡಬ್ಬ ಮಾಡಿ, ಸ್ಕ್ರೂಗೆ ರಬ್ಬರ್ ವಾಷರ್ ಕೊಟ್ಟು, ಕೇಬಲ್ ರಂಧ್ರ ಕೆಳಮುಖವಾಗಿ ಇರುವಂತೆ ಗೋಡೆಗೆ ಹೊಡೀರಿ.

ಹೊಳಲ್ಕೆರೆ ತೋಟ:
ಹತ್ತಿತು. ವಾಲ್ವ್ ಒಂದಕ್ಕೆ 40 ನಿಮಿಷ ಇಟ್ಟೆ. ನಾಳೆ ವಾಷರ್ ತರ್ತೀನಿ.