ಎರಡು ಹಂಬಕರ್ ಗಿಟಾರ್, ಪಿಕಪ್ ಬದಲಿಸದೆ ಬೇರೆ ಬೇರೆ ಸೌಂಡ್ ತೆಗೆಯುವುದು ಹೇಗೆ?

ಕಂಕನಾಡಿ_ರಿದಮ್:

ನಮಸ್ಕಾರ. ನನ್ನದು ಎರಡು ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಇರುವ ಎಲೆಕ್ಟ್ರಿಕ್ ಗಿಟಾರ್. ಒಂದು ವಾಲ್ಯೂಮ್, ಒಂದು ಟೋನ್, ಮೂರು ಪೊಸಿಷನ್ ಸ್ವಿಚ್ (ಬುಡದ ಕಡೆಯ ಬ್ರಿಡ್ಜ್ ಪಿಕಪ್, ಕುತ್ತಿಗೆ ಕಡೆಯ ನೆಕ್ ಪಿಕಪ್, ನಡುವೆ ಇಟ್ಟರೆ ಎರಡೂ), ಅಷ್ಟೇ. ಭಾನುವಾರ ಬೆಳಿಗ್ಗೆ ಚರ್ಚ್ ಕ್ವಾಯರ್, ಮದುವೆ ಸೀಸನ್‌ನಲ್ಲಿ ಸಂಜೆ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಮತ್ತು ರಿಸೆಪ್ಶನ್ ಬ್ಯಾಂಡ್. ರಾಕ್ ಬಾರಿಸುವಾಗ ಬ್ರಿಡ್ಜ್ ಪಿಕಪ್ ಬಗ್ಗೆ ಕಂಪ್ಲೇಂಟೇ ಇಲ್ಲ. ಆದರೆ ಕ್ವಾಯರ್‌ನಲ್ಲಿ, ಬೈಲಾ ಕುಣಿತದ ಹಾಡುಗಳಲ್ಲಿ ಕ್ಲೀನ್ ರಿದಮ್ ಬಾರಿಸಿದರೆ ಎಲ್ಲ ದಪ್ಪ ದಪ್ಪ ಕೇಳುತ್ತದೆ, ಕೀಬೋರ್ಡಿನ ಅಡಿಯಲ್ಲಿ ಎಲ್ಲೋ ಹೂತು ಹೋಗುತ್ತದೆ. ಇನ್ನೊಂದು ಗಿಟಾರ್ ತೆಗೆದುಕೊಳ್ಳುವ ಯೋಚನೆ ಇಲ್ಲ (ಮನೆಯಲ್ಲಿ ಕೇಳುವ ಧೈರ್ಯವೂ ಇಲ್ಲ). ವೈರಿಂಗ್ ಬದಲಿಸಿದರೆ ಸ್ವಲ್ಪ ತೆಳುವಾದ, ಚುರುಕಾದ ಸೌಂಡ್ ಬರುತ್ತದಂತೆ, ಹೌದಾ? ಸೋಲ್ಡರಿಂಗ್ ಗೊತ್ತುಂಟು, ಕೇಬಲ್ ಎಲ್ಲ ನಾನೇ ಮಾಡುವುದು.

ಬಿಜೈ_ಬೆಸುಗೆ:

ಆಗುತ್ತದೆ. ಮೊದಲು ಹಿಂದಿನ ಪ್ಲೇಟ್ ಬಿಚ್ಚಿ ಪಿಕಪ್‌ನಿಂದ ಎಷ್ಟು ವೈರ್ ಬರುತ್ತದೆ ನೋಡಿ. ನಾಲ್ಕು ಬಣ್ಣದ ವೈರ್, ಜೊತೆಗೆ ಒಂದು ಬರಿ ತಂತಿ ಇದ್ದರೆ ಕೆಲಸ ಸುಲಭ. ಮೇಲೆ ಲೋಹದ ಜಾಳಿಗೆ, ಒಳಗೆ ಒಂದೇ ವೈರ್ ಇದ್ದರೆ ಅದನ್ನು ಸುಮ್ನೆ ಬಿಟ್ಟುಬಿಡಿ. ಪಿಕಪ್ ಬಿಚ್ಚಿ ಒಳಗಿನ ಕೂದಲಿನಂಥ ತಂತಿ ಮುಟ್ಟಲು ಹೋದರೆ ಪಿಕಪ್ಪೇ ಹೋದೀತು.

ಹಂಬಕರ್ ಅಂದರೆ ಒಳಗೆ ಎರಡು ಕಾಯಿಲ್ (ತಂತಿಯ ಸುರುಳಿ), ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ. ಜಾಸ್ತಿ ಜನ ಕಾಯಿಲ್ ಸ್ಪ್ಲಿಟ್ ಮಾಡುತ್ತಾರೆ, ಅಂದರೆ ಒಂದು ಕಾಯಿಲ್ ಬಂದ್ ಮಾಡುವುದು. ನನ್ನನ್ನು ಕೇಳಿದರೆ ನಿಮಗೆ ಅದಕ್ಕಿಂತ ಪ್ಯಾರಲಲ್, ಅಂದರೆ ಎರಡು ಕಾಯಿಲ್ ಅಕ್ಕಪಕ್ಕ ಜೋಡಿಸುವುದು, ಒಳ್ಳೆಯದು. ಎರಡೂ ಕಾಯಿಲ್ ಕೆಲಸ ಮಾಡುತ್ತವೆ, ಔಟ್‌ಪುಟ್ ಇಳಿಯುತ್ತದೆ, ಮೇಲಿನ ಸ್ವರ ತೆರೆದುಕೊಳ್ಳುತ್ತದೆ, ಮುಖ್ಯವಾಗಿ ಗುಂಯ್ ಅನ್ನುವ ಹಮ್ ಬರುವುದಿಲ್ಲ. ಮದುವೆ ಹಾಲ್‌ನಲ್ಲಿ ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಎಲ್ಲ ಒಟ್ಟಿಗೆ ಇರುವಾಗ ಸಿಂಗಲ್ ಕಾಯಿಲ್ ಹಿಡಿದು ನಿಂತವರಿಗೇ ಗೊತ್ತು ಕಷ್ಟ.

ಮಣಿಪಾಲದ_ಮೂರುಪಿಕಪ್:

ಅಣ್ಣ, ಸ್ಪ್ಲಿಟ್ ಅನ್ನು ಅಷ್ಟು ಕೆಳಗೆ ಹಾಕಬೇಡಿ ಮಾರಾಯ್ರೆ. ಆ ಗಾಜಿನಂಥ ಚುರುಕು ಪ್ಯಾರಲಲ್‌ನಲ್ಲಿ ಪೂರ್ತಿ ಸಿಗುವುದಿಲ್ಲ. ಹಮ್‌ಗೂ ಉಪಾಯ ಉಂಟು. ಬ್ರಿಡ್ಜ್ ಪಿಕಪ್‌ನಲ್ಲಿ ಉತ್ತರ ಧ್ರುವದ ಕಾಯಿಲ್ ಉಳಿಸಿ, ನೆಕ್ ಪಿಕಪ್‌ನಲ್ಲಿ ದಕ್ಷಿಣದ್ದು ಉಳಿಸಿ. ಆಗ ಸ್ವಿಚ್ ನಡುವೆ ಇಟ್ಟರೆ ಎರಡೂ ಸೇರಿ ಹಮ್ ಕಳೆದುಹೋಗುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಗಿಟಾರ್‌ನಲ್ಲಿ ಜನ ಇಷ್ಟಪಡುವುದು ಇಂಥ ನಡುವಿನ ಸೌಂಡನ್ನೇ ಅಲ್ವಾ? 1954ರಲ್ಲಿ ಬಂದಾಗ ಅದರಲ್ಲಿ ಮೂರೇ ಪೊಸಿಷನ್, ಆದರೂ ಬಾರಿಸುವವರು ಸ್ವಿಚ್ಚನ್ನು ಎರಡರ ನಡುವೆ ಸಿಕ್ಕಿಸಿ ಆ ಸೌಂಡ್ ತೆಗೆಯುತ್ತಿದ್ದರು. ಫೆಂಡರ್ ಐದು ಪೊಸಿಷನ್ ಕೊಟ್ಟದ್ದು 1977ರಲ್ಲಿ.

ಸ್ಪ್ಲಿಟ್ ಮಾಡಿದಾಗ ತೀರಾ ಸಣಕಲು ಆಯಿತು ಅನಿಸಿದರೆ ಸ್ವಿಚ್ ಮತ್ತು ಅರ್ತ್ ನಡುವೆ ಒಂದು ರೆಸಿಸ್ಟರ್ ಹಾಕಿ. 2.2 ಕಿಲೋ ಓಮ್‌ನಿಂದ ಶುರು ಮಾಡಿ. ಎರಡನೇ ಕಾಯಿಲ್ ಸ್ವಲ್ಪ ಉಳಿದುಕೊಳ್ಳುತ್ತದೆ.

ಬಿಜೈ_ಬೆಸುಗೆ:

ನಡುವಿನ ಪೊಸಿಷನ್‌ಗೆ ನಿಮ್ಮ ಮಾತು ಸರಿ. ಆದರೆ ಅವರಿಗೆ ಬ್ರಿಡ್ಜ್ ಒಂದೇ ಬೇಕಾದಾಗ? ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದೇ ಈ ಹಮ್ ತಪ್ಪಿಸಲು. ಅದನ್ನು ಮತ್ತೆ ನಾವೇ ಕರೆದು ಕೂರಿಸುವುದು ಯಾಕೆ? ಅದೂ ಚರ್ಚ್‌ನಲ್ಲಿ, ಪ್ರಾರ್ಥನೆಯ ನಡುವೆ ಎಲ್ಲರೂ ಸುಮ್ಮನಿರುವಾಗ.

ಪ್ಯಾರಲಲ್ ಹೀಗೆ. ಟೋನ್ ಪಾಟ್ (ತಿರುಗಿಸುವ ಕಂಟ್ರೋಲ್) ತೆಗೆದು ಅಲ್ಲಿ 500ಕೆ (ಕಿಲೋ ಓಮ್) ಪುಶ್-ಪುಲ್ ಪಾಟ್, ಅಂದರೆ ಎಳೆದು ಒತ್ತಿ ಸ್ವಿಚ್‌ನಂತೆಯೂ ಬಳಸುವಂಥದ್ದು, ಹಾಕಿ. ಹೊಸ ತೂತು ಬೇಡ. ಅದರ ಕೆಳಗೆ ಎರಡು ಸಾಲಿನಲ್ಲಿ ಆರು ಕಾಲು ಇರುತ್ತವೆ. ಸೀಮೋರ್ ಡಂಕನ್ ಕಂಪನಿಯ ಪಿಕಪ್‌ಗಳ ಬಣ್ಣದ ಲೆಕ್ಕದಲ್ಲಿ ಹೇಳುತ್ತೇನೆ. ನಡುವಿನ ಎರಡು ಕಾಲಿನಲ್ಲಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ. ಒಂದು ತುದಿಯ ಎರಡು ಕಾಲುಗಳನ್ನು ಒಂದಕ್ಕೊಂದು ಸಣ್ಣ ವೈರಿನಿಂದ ಸೇರಿಸಿ, ಇದು ಸೀರೀಸ್. ಇನ್ನೊಂದು ತುದಿಯಲ್ಲಿ ಕೆಂಪಿನ ಸಾಲಿನ ಕಾಲಿಗೆ ಕಪ್ಪು, ಬಿಳಿಯ ಸಾಲಿನ ಕಾಲಿಗೆ ಹಸಿರು. ಕಪ್ಪಿನಿಂದ ಮೂರು ಪೊಸಿಷನ್ ಸ್ವಿಚ್‌ಗೆ, ಹಸಿರಿನಿಂದ ಅರ್ತ್‌ಗೆ, ಬರಿ ತಂತಿಯೂ ಅರ್ತ್‌ಗೆ. ಬೇರೆ ಕಂಪನಿಯದಾದರೆ ಬಣ್ಣ ಬೇರೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್ (ಸಿಗ್ನಲ್ ಹೊರಗೆ ಹೋಗುವ ವೈರ್), ಕಪ್ಪು-ಬಿಳಿ ಜೋಡಿ. ಕಣ್ಣುಮುಚ್ಚಿ ಹಾಕಬೇಡಿ.

ಮುಚ್ಚುವ ಮೊದಲು ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಇಟ್ಟು ಮಲ್ಟಿಮೀಟರ್ ಹಿಡಿಯಿರಿ. ಸೀರೀಸ್‌ನಲ್ಲಿ 8ಕೆ ತೋರಿಸುವ ಪಿಕಪ್ ಪ್ಯಾರಲಲ್‌ನಲ್ಲಿ ಹತ್ತಿರ ಹತ್ತಿರ 2ಕೆ ತೋರಿಸಬೇಕು. 4ಕೆ ಬಂದರೆ ಒಂದೇ ಕಾಯಿಲ್ ಓಡುತ್ತಿದೆ ಅಂತ. ರೀಡಿಂಗ್ ಸರಿ ಇದ್ದೂ ಸೌಂಡ್ ಮೂಗಿನಿಂದ ಬಂದ ಹಾಗೆ ತೆಳುವಾಗಿದ್ದರೆ ಕಾಯಿಲ್‌ಗಳು ಔಟ್ ಆಫ್ ಫೇಸ್ (ಒಂದಕ್ಕೊಂದು ವಿರುದ್ಧ), ಒಂದು ಕಾಯಿಲ್‌ನ ಎರಡು ವೈರ್ ಅದಲು ಬದಲು ಆಗಿದೆ.

ಉಡುಪಿ_ಮೈಕ್‌ಸೆಟ್:

ಎರಡು ಮಾತು ನನ್ನದೂ ಇರಲಿ. ಪುಶ್-ಪುಲ್ ಪಾಟ್ ಮಾಮೂಲಿಗಿಂತ ಉದ್ದ. ತೆಳು ಬಾಡಿಯ ಗಿಟಾರ್ ಆದರೆ ಪ್ಲೇಟ್ ಮುಚ್ಚುವುದಿಲ್ಲ, ಆಳ ಅಳೆದು ಆಮೇಲೆ ತರಿಸಿ. ಪಾಟ್ ಕೂರುವ ತೂತನ್ನೂ ಅಳೆಯಿರಿ, ಇಂಚಿನ ಪಾಟ್ ದಪ್ಪ, ಮಿಲಿಮೀಟರಿನದು ಸಪೂರ.

ಪಾಟ್‌ನ ಬೆನ್ನಿಗೆ ಅರ್ತ್ ಬೆಸೆಯುವಾಗ 25 ವ್ಯಾಟ್ ಐರನ್ ಸಾಲುವುದಿಲ್ಲ. ಕಬ್ಬಿಣ ಕಾಯುವುದೇ ಇಲ್ಲ, ನೀವು ಒತ್ತಿ ಹಿಡಿದೇ ಇರುತ್ತೀರಿ, ಅಷ್ಟರಲ್ಲಿ ಒಳಗಿನ ಕಾರ್ಬನ್ ಪಟ್ಟಿ ಬೆಂದಿರುತ್ತದೆ. ಬೆನ್ನನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, 40 ವ್ಯಾಟ್‌ನಲ್ಲಿ ಮೊದಲು ಬರೇ ಸೀಸ ಹರಿಸಿ, ಆಮೇಲೆ ವೈರ್ ಇಟ್ಟು ಒಂದು ಸಲ ಮುಟ್ಟಿಸಿ ತೆಗೆಯಿರಿ. ಸೀಸ ಹೊಳೆಯಬೇಕು. ಮಂಕಾಗಿ ಉಂಡೆ ಕಟ್ಟಿದರೆ ಅದು ಹಿಡಿದಿಲ್ಲ ಅಂತ ಲೆಕ್ಕ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಹಳೆಯ ಜ್ಯಾಕ್ ಮತ್ತು ಸ್ವಿಚ್ ಕಾಲುಗಳಿಗೆ ಹಸಿರು ಕಿಲುಬು ಹತ್ತಿರುತ್ತದೆ. ಅದರ ಮೇಲೆ ಸೀಸ ನಿಲ್ಲುವುದಿಲ್ಲ, ಕೆರೆದು ತೆಗೆಯಿರಿ.

ಬಿಚ್ಚಿದ್ದು ಹೇಗೂ ಬಿಚ್ಚಿದಿರಿ, ಟೋನ್ ಕೆಪಾಸಿಟರ್ ಕಡೆಯ ವೈರನ್ನು ವಾಲ್ಯೂಮ್ ಪಾಟ್‌ನ ಇನ್‌ಪುಟ್ ಕಾಲಿನಿಂದ ನಡುವಿನ ಕಾಲಿಗೆ ಬದಲಿಸಿ ನೋಡಿ. ಖರ್ಚು ಸೊನ್ನೆ. ವಾಲ್ಯೂಮ್ ಇಳಿಸಿದಾಗ ಸೌಂಡ್ ಮಂಕಾಗುವುದು ತುಂಬಾ ಕಮ್ಮಿ ಆಗುತ್ತದೆ. ಕ್ವಾಯರ್‌ನಲ್ಲಿ ವಾಲ್ಯೂಮ್ ಅರ್ಧಕ್ಕೆ ಇಟ್ಟೇ ಬಾರಿಸುವುದಲ್ವಾ, ನಿಮ್ಮ "ದಪ್ಪ ದಪ್ಪ"ದಲ್ಲಿ ಅರ್ಧ ಇದರಿಂದಲೇ ಬಂದದ್ದು ಅಂತ ನನ್ನ ಅಂದಾಜು.

ಕಂಕನಾಡಿ_ರಿದಮ್:

ಬಿಚ್ಚಿದೆ. ಬ್ರಿಡ್ಜ್‌ನಲ್ಲಿ ನಾಲ್ಕು ಬಣ್ಣ ಉಂಟು, ಕೆಂಪು-ಬಿಳಿ ಸೇರಿಸಿ ಟೇಪ್ ಸುತ್ತಿದ್ದಾರೆ. ನೆಕ್‌ನಲ್ಲಿ ಜಾಳಿಗೆಯ ಒಂದೇ ವೈರ್. ಹಾಗಾದರೆ ಮಣಿಪಾಲದವರ ಐಡಿಯಾ ನನಗೆ ಆಗುವುದಿಲ್ಲ. ಬ್ರಿಡ್ಜ್ ಮಾತ್ರ ಪ್ಯಾರಲಲ್ ಮಾಡಿದರೆ, ನಡುವಿನ ಪೊಸಿಷನ್‌ನಲ್ಲಿ ನೆಕ್ ಜೋರಾಗಿ ಅದನ್ನು ಮುಚ್ಚಿಬಿಡುವುದಿಲ್ವಾ?

ಬಿಜೈ_ಬೆಸುಗೆ:

ಕೆಂಪು-ಬಿಳಿ ಜೋಡಿ ಇದ್ದರೆ ನಾನು ಹೇಳಿದ ಬಣ್ಣದ ಲೆಕ್ಕವೇ ಇರಬೇಕು, ಆದರೂ ಮೀಟರ್ ಹಿಡಿದು ನೋಡಿ. ಕಪ್ಪು-ಬಿಳಿ ನಡುವೆ ಒಂದು ಕಾಯಿಲ್, ಕೆಂಪು-ಹಸಿರು ನಡುವೆ ಇನ್ನೊಂದು ಸಿಗಬೇಕು. ನೆಕ್ ಜೋರಾಗುವುದಕ್ಕೆ ಸ್ಕ್ರೂಡ್ರೈವರ್ ಸಾಕು, ಎರಡು ಬದಿಯ ಸ್ಕ್ರೂ ತಿರುಗಿಸಿ ನೆಕ್ ಪಿಕಪ್ಪನ್ನು ತಂತಿಯಿಂದ ಸ್ವಲ್ಪ ದೂರ ಇಳಿಸಿ. ಬಾಸ್ ತಂತಿಯ ಬದಿ ಜಾಸ್ತಿ ಇಳಿಸಿ, ಆ ದಪ್ಪವೂ ಕಮ್ಮಿಯಾಗುತ್ತದೆ. ಆ ನಡುವಿನ ಪೊಸಿಷನ್ನೇ ನಿಮ್ಮ ಬೈಲಾ ಸೌಂಡ್ ಆದರೂ ಆದೀತು. ಪಾಟ್ ಬಂದ ಮೇಲೆ ಬೆಸೆಯುವ ಮೊದಲು ಒಳಗಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.